ಸಮಷ್ಟಿಹಿತವೆಂಬ ನೀತಿ

‘ಸಾರ್ವಜನಿಕರ ಹಿತದೃಷ್ಟಿಯಿಂದ’ ಎಂಬ ಮಾತನ್ನು ನಾವು ದಿನಕ್ಕೊಮ್ಮೆಯಾದರೂ ಓದುತ್ತೇವೆ, ಇಲ್ಲವೇ ಕೇಳುತ್ತೇವೆ. ರಸ್ತೆಯನ್ನು ಅಗಲ ಮಾಡಲು ಮರ ಕಡಿಯುವವರು ಈ ಮಾತನ್ನು ಹೇಳುತ್ತಾರೆ. ಕಡಿಯಬಾರದೆಂದು ತಡೆಯುವವರ ಬಾಯಲ್ಲೂ ಇದೇ ಮಾತು ಬರುತ್ತದೆ. ಅಣೆಕಟ್ಟು ಕಟ್ಟುವವರು ಇದನ್ನು ಮುಂದಿಡುತ್ತಾರೆ. ಅದರ ಹಿನ್ನೀರಿನಲ್ಲಿ ಊರನ್ನು ಕಳೆದುಕೊಳ್ಳುವವರೂ ಇದರ ಹೆಸರಿನಲ್ಲಿಯೇ ನ್ಯಾಯ ಕೇಳುತ್ತಾರೆ. ಹೀಗೆ ಕೈಯಿಂದ ಕೈಗೆ ಓಡಾಡಿದ ನಾಣ್ಯದ ಅಚ್ಚು ಸವೆದುಹೋಗುವುದು ಸಹಜವೇ. ಆ ಮಾತಿನ ಮೂಲ ಅರ್ಥವೇನು, ಅದು ನಮ್ಮಿಂದ ಏನನ್ನು ಕೇಳುತ್ತದೆ ಎಂಬುದನ್ನು ಈ ಹದಿನೈದು ನಿಮಿಷಗಳಲ್ಲಿ ಸ್ವಲ್ಪ ವಿಚಾರ ಮಾಡಬೇಕೆಂದಿದ್ದೇನೆ.

ಒಂದು ಕಾರ್ಯ ಸರಿಯೋ ತಪ್ಪೋ ಎಂಬುದನ್ನು ನಿರ್ಣಯಿಸಲು ನೀತಿಶಾಸ್ತ್ರದಲ್ಲಿ ಹಲವು ಮಾರ್ಗಗಳಿವೆ. ಇದು ನನ್ನ ಕರ್ತವ್ಯವೇ ಎಂದು ಕೇಳುವುದು ಒಂದು ಮಾರ್ಗ. ಇದರಿಂದ ಆಗುವ ಸುಖವೆಷ್ಟು, ದುಃಖವೆಷ್ಟು ಎಂದು ಫಲವನ್ನು ತೂಗುವುದು ಇನ್ನೊಂದು. ಇದರಿಂದ ಯಾರ ಹಕ್ಕಿಗಾದರೂ ಚ್ಯುತಿ ಬಂದೀತೇ ಎಂದು ನೋಡುವುದು ಮೂರನೆಯದು. ಶೀಲವಂತನಾದವನು ಈ ಸಂದರ್ಭದಲ್ಲಿ ಹೇಗೆ ನಡೆದುಕೊಂಡಾನು ಎಂದು ಯೋಚಿಸುವುದು ನಾಲ್ಕನೆಯದು. ಇವೆಲ್ಲ ಬೇಕಾದ ಪ್ರಶ್ನೆಗಳೇ. ಆದರೆ ಇವುಗಳ ಜೊತೆಗೆ ಐದನೆಯದೊಂದು ಪ್ರಶ್ನೆಯೂ ಬಹುಕಾಲದಿಂದ ನಡೆದುಬಂದಿದೆ: ನಾವೆಲ್ಲರೂ ಕೂಡಿ ಬಾಳುವುದಕ್ಕೆ ಯಾವುದು ಆಧಾರವೋ ಅದನ್ನು ಈ ಕಾರ್ಯ ಉಳಿಸುತ್ತದೆಯೇ, ಕೆಡಿಸುತ್ತದೆಯೇ? ಈ ಪ್ರಶ್ನೆಯನ್ನೇ ನಾನು ಸಮಷ್ಟಿಹಿತದ ಪ್ರಶ್ನೆ ಎಂದು ಕರೆಯುತ್ತೇನೆ. ವ್ಯಷ್ಟಿ, ಸಮಷ್ಟಿ ಎಂಬ ಜೋಡಿಪದಗಳು ನಮಗೆ ಹೊಸವಲ್ಲ. ವ್ಯಷ್ಟಿ ಎಂದರೆ ಬಿಡಿ. ಸಮಷ್ಟಿ ಎಂದರೆ ಇಡಿ.

ಈ ಕಲ್ಪನೆ ಸ್ಪಷ್ಟವಾಗಬೇಕಾದರೆ ಗ್ರಂಥಗಳಿಗಿಂತ ಮೊದಲು ನಮ್ಮ ಕೆರೆಗಳ ಕಡೆಗೆ ನೋಡುವುದು ಒಳ್ಳೆಯದು. ಕರ್ನಾಟಕದಲ್ಲಿ ಸುಮಾರು 36,000 ಕೆರೆಗಳಿವೆಯೆಂದು ಲೆಕ್ಕ ಹಾಕಿದ್ದಾರೆ. ಕೆರೆಯೆಂದರೆ ಬರಿಯ ನೀರಿನ ಹೊಂಡವಲ್ಲ. ಅದಕ್ಕೆ ಏರಿ ಬೇಕು, ತೂಬು ಬೇಕು, ಹೆಚ್ಚಾದ ನೀರು ಹರಿದುಹೋಗಲು ಕೋಡಿ ಬೇಕು, ನೀರು ಬಂದು ಸೇರಲು ಹಳ್ಳಕೊಳ್ಳಗಳು ತೆರವಾಗಿರಬೇಕು, ಅಚ್ಚುಕಟ್ಟಿನ ಕೊನೆಯ ಗದ್ದೆಯವರೆಗೆ ಕಾಲುವೆ ಹರಿಯಬೇಕು. ಹೂಳನ್ನು ಕಾಲಕಾಲಕ್ಕೆ ಎತ್ತಬೇಕು. ಯಾರ ಗದ್ದೆಗೆ ಯಾವಾಗ, ಎಷ್ಟು ಹೊತ್ತು ನೀರು ಎಂಬುದನ್ನು ನೋಡಿಕೊಳ್ಳಲು ಒಬ್ಬ ನೀರುಗಂಟಿ ಬೇಕು. ಇಷ್ಟನ್ನೂ ಒಬ್ಬ ರೈತ, ಅವನು ಎಷ್ಟೇ ಸ್ಥಿತಿವಂತನಾಗಿರಲಿ, ಒಬ್ಬನೇ ಮಾಡಿಕೊಳ್ಳಲಾರ. ಇನ್ನು ನೂರು ಮಂದಿ ಸೇರಿ ಕಟ್ಟಿದ ಕೆರೆಯನ್ನು ನೂರು ಪಾಲು ಮಾಡಿ ಹಂಚಿಕೊಳ್ಳುತ್ತೇವೆಂದು ಹೊರಟರೆ ಯಾರ ಪಾಲಿಗೂ ಕೆರೆ ಉಳಿಯುವುದಿಲ್ಲ. ನೀರನ್ನು ಹಂಚಬಹುದು, ಏರಿಯನ್ನು ಹಂಚಲಾಗದು. ಏರಿ ಒಂದು ಕಡೆ ಬಿರಿದರೆ ಅದು ನನ್ನ ಪಾಲಿನ ಕಡೆಯಲ್ಲ ಎಂದು ಸುಮ್ಮನಿರುವವನ ಗದ್ದೆಯೂ ಕೊಚ್ಚಿಹೋಗುತ್ತದೆ.

ಸಮಷ್ಟಿಹಿತದ ಲಕ್ಷಣಗಳೆಲ್ಲ ಇಲ್ಲಿಯೇ ಇವೆ. ಅದು ಒಬ್ಬನಿಂದ ಆಗುವಂಥದಲ್ಲ. ಒಡೆದು ಹಂಚಿದರೆ ಉಳಿಯುವಂಥದಲ್ಲ. ಮತ್ತು ಪ್ರತಿಯೊಬ್ಬನ ಸ್ವಂತ ಹಿತವೂ ಅದರೊಳಗೆ ಅಡಗಿದೆ. ಕೆರೆಯಿರುವಂತೆಯೇ ನ್ಯಾಯವಾದ ಕಾನೂನು, ಶುದ್ಧವಾದ ಗಾಳಿ, ಹರಡುವ ರೋಗದಿಂದ ರಕ್ಷಣೆ, ಎಲ್ಲರ ಮಕ್ಕಳೂ ಕಲಿಯಬಹುದಾದ ಶಾಲೆ, ಅಪರಿಚಿತನ ಮಾತನ್ನೂ ನಂಬಬಹುದೆಂಬ ಭರವಸೆ ಇವೆಲ್ಲ ಸಮಷ್ಟಿಹಿತಗಳು. ಇವು ಬಾಳಿನ ಗುರಿಗಳಲ್ಲ. ಪ್ರತಿಯೊಬ್ಬನೂ ತನ್ನ ತನ್ನ ಗುರಿಯನ್ನು ಸಾಧಿಸಿಕೊಳ್ಳಲು ಬೇಕಾದ ನೆಲಗಟ್ಟು. 20ನೆಯ ಶತಮಾನದ ಅಮೆರಿಕದ ತತ್ತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಪ್ರಕಟಿಸಿದ ತನ್ನ ನ್ಯಾಯಮೀಮಾಂಸೆಯಲ್ಲಿ ಹೆಚ್ಚು ಕಡಿಮೆ ಈ ಅರ್ಥವನ್ನೇ ಹೇಳಿದ್ದಾನೆ: ಎಲ್ಲರಿಗೂ ಸಮಾನವಾಗಿ ಅನುಕೂಲವಾಗುವ ಕೆಲವು ಸಾಮಾನ್ಯ ಸ್ಥಿತಿಗಳೇ ಸಮಷ್ಟಿಹಿತ.

ನಮ್ಮ ಹಿರಿಯರಿಗೆ ಇದು ಶಾಸ್ತ್ರವಾಗಿರದಿದ್ದರೂ ವ್ಯವಹಾರವಾಗಿತ್ತು. ಕೆರೆಯ ನಿರ್ವಹಣೆಗೆಂದು ಭೂಮಿ ಬಿಡುವುದನ್ನು ಶಾಸನಗಳು ಬಿತ್ತುವಟ್ಟ, ಕೆರೆಗೊಡಗೆ ಮುಂತಾದ ಹೆಸರುಗಳಿಂದ ಗುರುತಿಸುತ್ತವೆ. ಕಟ್ಟಿಸಿದವನ ಪುಣ್ಯ ಒಂದು ದಿನದ್ದಲ್ಲ, ಅದು ಉಳಿಯಬೇಕಾದರೆ ಪ್ರತಿವರ್ಷವೂ ಯಾರೋ ಹೂಳೆತ್ತಬೇಕು, ಅದಕ್ಕೆ ಒಂದು ಆದಾಯ ಇರಬೇಕು ಎಂಬ ತಿಳುವಳಿಕೆ ಆ ಪದಗಳಲ್ಲಿದೆ. ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲೆಂಬ ಶಾಪಾಶಯವೂ ಅಲ್ಲಿ ಕಾಣುತ್ತದೆ. ಕಾಯುವವರಿಲ್ಲದ ಕಡೆಯಲ್ಲಿ ಭಯವೇ ಕಾವಲಾಗಲಿ ಎಂಬುದು ಅದರ ಉದ್ದೇಶವಿರಬೇಕು.

ಪಶ್ಚಿಮದಲ್ಲಿ ಈ ವಿಚಾರಕ್ಕೆ ಶಾಸ್ತ್ರದ ರೂಪ ಕೊಟ್ಟವನು ಕ್ರಿ.ಪೂ. 4ನೆಯ ಶತಮಾನದ ಅರಿಸ್ಟಾಟಲ್. ರಾಜ್ಯಗಳನ್ನು ಅವನು ಒಬ್ಬನ ಆಳ್ವಿಕೆ, ಕೆಲವರ ಆಳ್ವಿಕೆ, ಬಹುಜನರ ಆಳ್ವಿಕೆ ಎಂದು ವಿಂಗಡಿಸಿದ. ಆದರೆ ಆಳುವವರ ಸಂಖ್ಯೆಯಿಂದ ರಾಜ್ಯ ಒಳ್ಳೆಯದಾಗುವುದಿಲ್ಲ; ಎಲ್ಲರ ಹಿತಕ್ಕಾಗಿ ಆಳಿದರೆ ಮೂರೂ ಸರಿಯಾದ ರಾಜ್ಯಗಳೇ, ಆಳುವವರ ಹಿತಕ್ಕಾಗಿ ಆಳಿದರೆ ಮೂರೂ ಕೆಟ್ಟ ರಾಜ್ಯಗಳೇ ಎಂದ. ಇದರ ಇಂಗಿತವನ್ನು ಗಮನಿಸಬೇಕು. ಬಹುಸಂಖ್ಯಾತರು ತಮ್ಮ ಹಿತವನ್ನಷ್ಟೇ ಸಾಧಿಸಿಕೊಂಡರೆ ಅದು ಸಮಷ್ಟಿಹಿತವಾಗುವುದಿಲ್ಲ. ಅದು ದೊಡ್ಡದೊಂದು ಗುಂಪಿನ ಸ್ವಾರ್ಥವಷ್ಟೇ. 13ನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಇದನ್ನೇ ಕಾನೂನಿಗೆ ಅನ್ವಯಿಸಿ, ಸಮಷ್ಟಿಹಿತದ ಕಡೆಗೆ ಮುಖ ಮಾಡಿರದ ಶಾಸನಕ್ಕೆ ಕಾನೂನೆಂಬ ಹೆಸರೇ ಸಲ್ಲದೆಂಬ ಅರ್ಥದಲ್ಲಿ ವಾದಿಸಿದ.

18ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಜೆರೆಮಿ ಬೆಂತಾಮ್ ಬೇರೊಂದು ಅಳತೆಗೋಲನ್ನು ಪ್ರಸಿದ್ಧಿಗೆ ತಂದ: ಅತ್ಯಧಿಕ ಜನರ ಅತ್ಯಧಿಕ ಸುಖ. ಈ ಅಳತೆಗೋಲು ಸರಳವಾದದ್ದು. ಸುಖವನ್ನು ಕೂಡು, ದುಃಖವನ್ನು ಕಳೆ, ಉಳಿದದ್ದು ಹೆಚ್ಚಾಗಿದ್ದರೆ ಕಾರ್ಯ ಸರಿ. ಸಮಷ್ಟಿಹಿತವೆಂದರೂ ಇದೇ ತಾನೇ ಎಂದು ಬಹಳ ಜನ ತಿಳಿಯುತ್ತಾರೆ. ಆದರೆ ಎರಡಕ್ಕೂ ಬಹಳ ಅಂತರವಿದೆ. ಕೂಡುವ ಕಳೆಯುವ ಲೆಕ್ಕದಲ್ಲಿ ಹತ್ತು ಜನರ ನಷ್ಟವನ್ನು ನೂರು ಜನರ ಲಾಭ ಮುಚ್ಚಿಹಾಕುತ್ತದೆ. ಮೊತ್ತವಷ್ಟೇ ಕಣ್ಣಿಗೆ ಬೀಳುತ್ತದೆ. ಆ ಹತ್ತು ಮಂದಿ ಯಾರು, ಅವರಿಗೇನಾಯಿತು ಎಂಬುದು ಕಾಣುವುದಿಲ್ಲ.

ಗಾಂಧೀಜಿಯವರಿಗೆ ಹಿಡಿಸದೆ ಇದ್ದದ್ದು ಇದೇ. 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ರೈಲಿನಲ್ಲಿ ಹೋಗುವಾಗ ಅವರು ಜಾನ್ ರಸ್ಕಿನ್ನನ ‘ಅನ್‌ಟು ದಿಸ್ ಲಾಸ್ಟ್’ ಎಂಬ ಪುಸ್ತಕವನ್ನು ಓದಿದರು; 1908ರಲ್ಲಿ ಅದರ ಸಾರವನ್ನು ಗುಜರಾತಿಯಲ್ಲಿ ಬರೆದು ‘ಸರ್ವೋದಯ’ ಎಂದು ಹೆಸರಿಟ್ಟರು. ರಸ್ಕಿನ್ನನ ಪುಸ್ತಕದ ಹೆಸರು ಬೈಬಲಿನ ದ್ರಾಕ್ಷಿತೋಟದ ಕೂಲಿಯವರ ಕಥೆಯಿಂದ ಬಂದದ್ದು. ಅಲ್ಲಿ ಹೊತ್ತು ಮುಳುಗುವ ಮುನ್ನ ಕಡೆಗೆ ಬಂದ ಕೂಲಿಗೂ ಪೂರ್ತಿ ದಿನದ ಕೂಲಿ ಸಿಗುತ್ತದೆ. ಕಟ್ಟಕಡೆಯವನನ್ನು ಬಿಟ್ಟು ಲೆಕ್ಕ ಮಾಡುವಂತಿಲ್ಲ. ಒಬ್ಬನ ಹಿತ ಎಲ್ಲರ ಹಿತದಲ್ಲಿ ಅಡಗಿದೆ ಎಂಬುದನ್ನು ಗಾಂಧೀಜಿ ಆ ಪುಸ್ತಕದ ಮೊದಲ ಪಾಠವೆಂದು ಎತ್ತಿಕೊಂಡರು. ‘ಬಹುಜನ’ ಎಂಬಲ್ಲಿ ‘ಸರ್ವ’ ಎಂದು ಬದಲಿಸಿದ್ದು ಒಂದೇ ಒಂದು ಪದ. ಆದರೆ ಆ ಒಂದು ಪದದಲ್ಲಿ ಇಡಿಯ ನೀತಿಯೇ ಬದಲಾಯಿತು.

ಈ ಬದಲಾವಣೆ ಎಷ್ಟು ದೊಡ್ಡದೆಂಬುದನ್ನು ತಿಳಿಯಲು ‘ಕೆರೆಗೆ ಹಾರ’ ಎಂಬ ನಮ್ಮ ಜನಪದ ಕಥನಗೀತವೊಂದೇ ಸಾಕು. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ಹನಿ ನೀರು ಬೀಳುವುದಿಲ್ಲ. ಹೊತ್ತಗೆ ತೆಗೆಸಿ ಕೇಳಿದರೆ ಸೊಸೆಯೊಬ್ಬಳನ್ನು ಆಹಾರ ಕೊಡಬೇಕೆಂದು ತಿಳಿಯುತ್ತದೆ. ಮನೆಯ ಹಿರಿಯರು ಕಿರಿಯ ಸೊಸೆ ಭಾಗೀರಥಿಯನ್ನು ಆರಿಸುತ್ತಾರೆ. ಗಂಡ ದಂಡಿಗೆ ಹೋಗಿದ್ದಾನೆ. ಆಕೆ ತವರಿಗೆ ಹೋಗುತ್ತಾಳೆ, ಗೆಳತಿಯ ಮುಂದೆ ದುಃಖ ತೋಡಿಕೊಳ್ಳುತ್ತಾಳೆ, ಹಿಂದಿರುಗಿ ಬಂದು ಮನೆಗೆಲಸವೆಲ್ಲವನ್ನೂ ಮುಗಿಸಿ ಪೂಜೆಗೆ ಹೊರಡುತ್ತಾಳೆ. ಪೂಜೆ ಮುಗಿಸಿ ಹಿಂದಿರುಗುವಾಗ ಮರೆತು ಬಂದ ಬಟ್ಟಲು ತರಲು ಅವಳನ್ನೇ ಕಳಿಸುತ್ತಾರೆ. ಮೆಟ್ಟಿಲಿಂದ ಮೆಟ್ಟಿಲಿಗೆ ನೀರೇರಿ ಕೆರೆ ತುಂಬುತ್ತದೆ.

ಕೂಡುವ ಕಳೆಯುವ ಲೆಕ್ಕದಲ್ಲಿ ನೋಡಿದರೆ ಇಲ್ಲಿ ತಪ್ಪೇನೂ ಕಾಣುವುದಿಲ್ಲ. ಒಂದು ಜೀವ ಹೋಯಿತು, ಒಂದು ಊರು ಬದುಕಿತು. ಆದರೆ ಈ ಹಾಡನ್ನು ಕೇಳಿ ಊರು ಬದುಕಿತೆಂದು ಸಂತೋಷಪಟ್ಟವರನ್ನು ನಾನು ಕಂಡಿಲ್ಲ. ಹಾಡು ನಮ್ಮ ಕಣ್ಣನ್ನು ಕೆರೆಯ ಮೇಲೆ ನಿಲ್ಲಿಸುವುದಿಲ್ಲ. ಭಾಗೀರಥಿಯ ಮೇಲೆ, ಕೊನೆಗೆ ಅವಳನ್ನು ಹುಡುಕಿ ಬಂದು ಅದೇ ಕೆರೆಗೆ ಹಾರುವ ಅವಳ ಗಂಡ ಮಾದೇವರಾಯನ ಮೇಲೆ ನಿಲ್ಲಿಸುತ್ತದೆ. ಅವಳನ್ನು ಯಾರೂ ಕೇಳಲಿಲ್ಲ. ಕಿರಿಯಳು, ಹೊರಗಿನಿಂದ ಬಂದವಳು, ಮಾತಿಲ್ಲದವಳು. ಭಾರ ಹೊರಿಸಲು ತಕ್ಕವಳೆಂದು ಅವಳನ್ನು ಆರಿಸಿದರು. ತಾನಾಗಿ ಕೊಟ್ಟದ್ದು ತ್ಯಾಗ. ಬಲಹೀನರಿಂದ ಕಿತ್ತುಕೊಂಡದ್ದನ್ನು ಆ ಹೆಸರಿನಿಂದ ಕರೆಯಬಾರದು. ಸಮಷ್ಟಿಯೆಂದರೆ ಅದರಲ್ಲಿ ಭಾಗೀರಥಿಯೂ ಸೇರಿರಬೇಕು. ಅವಳನ್ನು ಕಳೆದ ಮೇಲೆ ಉಳಿಯುವುದು ಊರಿನ ಲಾಭ, ಸಮಷ್ಟಿಹಿತವಲ್ಲ.

ಇದು ಹಳೆಯ ಕಾಲದ ಹಾಡೆಂದು ದೂರ ಇಡುವ ಹಾಗಿಲ್ಲ. 1964ರಲ್ಲಿ ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಶರಾವತಿಗೆ ಕಟ್ಟಿದ ಅಣೆಕಟ್ಟು ಪೂರ್ಣವಾಯಿತು. ರಾಜ್ಯದ ಕಾರ್ಖಾನೆಗಳು ನಡೆದದ್ದು, ಊರೂರಿಗೆ ದೀಪ ಬಂದದ್ದು ಬಹುಕಾಲ ಹೆಚ್ಚಾಗಿ ಶರಾವತಿಯ ವಿದ್ಯುತ್ತಿನಿಂದ. ಆ ಬೆಳಕಿನಲ್ಲಿ ಓದಿದವರಲ್ಲಿ ನಾನೂ ಒಬ್ಬ. ವಿದ್ಯುತ್ತು ಬೇಡವಾಗಿತ್ತೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಹಿನ್ನೀರಿನಲ್ಲಿ ಗದ್ದೆ ತೋಟ ಮುಳುಗಿ ಸಾವಿರಾರು ಕುಟುಂಬಗಳು ಎದ್ದುಹೋದವು. ಅವರಲ್ಲಿ ಅನೇಕರು ನೆಲೆನಿಂತ ಭೂಮಿಯ ಹಕ್ಕುಪತ್ರದ ಪ್ರಶ್ನೆ ಅರ್ಧ ಶತಮಾನ ಕಳೆದರೂ ತೀರಲಿಲ್ಲ. ಹಿನ್ನೀರಿನ ಆಚೆಗೆ ಉಳಿದ ಸಿಗಂದೂರು ಕಡೆಯ ಊರುಗಳ ಜನ ಸಾಗರದ ಪೇಟೆಗೆ, ಆಸ್ಪತ್ರೆಗೆ ಬರಲು ಲಾಂಚನ್ನೇ ನಂಬಿಕೊಂಡಿದ್ದರು. ಅಲ್ಲಿಗೆ ಸೇತುವೆ ತೆರೆದದ್ದು 2025ರ ಜುಲೈನಲ್ಲಿ, ಅಂದರೆ ಅಣೆಕಟ್ಟಾಗಿ 60 ವರ್ಷಗಳಾದ ಮೇಲೆ. ಅಣೆಕಟ್ಟು ಕಟ್ಟಬೇಕಿತ್ತೇ ಬೇಡವಿತ್ತೇ ಎಂಬುದನ್ನು ಮಾತ್ರ ಚರ್ಚಿಸಿ ನಾವು ನಿಲ್ಲುತ್ತೇವೆ. ಕಟ್ಟಿದ ಮೇಲೆ ಅದರ ಬೆಳಕು ಮೊದಲು ಯಾರ ಮನೆಗೆ ಹೋಗಬೇಕಿತ್ತು ಎಂದು ಕೇಳುವುದು ಸಮಷ್ಟಿಹಿತದ ದೃಷ್ಟಿ.

ಬಲಿಯಾಗುವುದು ಒಂದು ಬಗೆಯ ಹೊರಗುಳಿಯುವಿಕೆ. ಇನ್ನೊಂದು ಬಗೆಯದೂ ಉಂಟು: ಕೆರೆ ತುಂಬಿದೆ, ಎಲ್ಲರದೆಂದು ಹೆಸರೂ ಇದೆ, ಆದರೆ ಕೆಲವರು ಮುಟ್ಟುವಂತಿಲ್ಲ. ಕೊಂಕಣದ ಮಹಾಡಿನ ಚವದಾರ್ ಕೆರೆಯ ಕಥೆ ಇದು. ಸಾರ್ವಜನಿಕ ಕೆರೆಬಾವಿಗಳನ್ನು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆಯಬೇಕೆಂದು ಮುಂಬಯಿ ಶಾಸನಸಭೆ 1923ರಲ್ಲಿ ನಿರ್ಣಯ ಮಾಡಿತು. ಮಹಾಡಿನ ಪುರಸಭೆ 1924ರಲ್ಲಿ ಅದನ್ನು ಒಪ್ಪಿತು. ಕಾಗದದ ಮೇಲೆ ಕೆರೆ ಎಲ್ಲರದಾಯಿತು. ನೀರು ಮಾತ್ರ ಆಗಲಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಸಾವಿರಾರು ಜನರೊಡನೆ ನಡೆದುಹೋಗಿ ಆ ಕೆರೆಯ ನೀರನ್ನು ಕುಡಿದರು. ಅದಕ್ಕೆ ಉತ್ತರವಾಗಿ ಅವರ ಜನರ ಮೇಲೆ ಹಲ್ಲೆಯಾಯಿತು, ಕೆರೆಗೆ ‘ಶುದ್ಧಿ’ ನಡೆಯಿತು, ವ್ಯಾಜ್ಯ ಹೂಡಲಾಯಿತು. ಮುಂಬಯಿ ಉಚ್ಚ ನ್ಯಾಯಾಲಯದ ತೀರ್ಪು ಅವರ ಪರವಾಗಿ ಬಂದದ್ದು 1937ರಲ್ಲಿ. ಒಂದು ಗುಟುಕು ನೀರಿಗೆ ಹತ್ತು ವರ್ಷ. ನಮ್ಮ ಹಳ್ಳಿಯ ಕೆರೆಗಳ ಹಿರಿಮೆಯನ್ನು ಹೊಗಳುವಾಗಲೆಲ್ಲ ಈ ಇಸವಿಗಳನ್ನೂ ಜೊತೆಗೆ ನೆನೆಯಬೇಕು. ‘ಊರಿನವರೆಲ್ಲ’ ಎಂಬ ಮಾತಿನೊಳಗೆ ಕೇರಿಯವರು ಸೇರಿರಲಿಲ್ಲ ಎಂಬುದನ್ನು ಮರೆತು ಹಿಂದಿನದೆಲ್ಲ ಸಮಷ್ಟಿಜೀವನವೆಂದರೆ ಅದು ಸತ್ಯವಾಗುವುದಿಲ್ಲ.

ಇನ್ನು ಕಷ್ಟವಾದ ಆಕ್ಷೇಪವೊಂದಿದೆ. ಎಲ್ಲರದ್ದಾದುದು ಯಾರದ್ದೂ ಅಲ್ಲ, ಆದ್ದರಿಂದ ಹಾಳಾಗುವುದೇ ಅದರ ಹಣೆಬರಹ ಎಂಬ ಮಾತು. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ಜೀವವಿಜ್ಞಾನಿ ಇದನ್ನು ಒಂದು ಗೋಮಾಳದ ದೃಷ್ಟಾಂತದಿಂದ ವಿವರಿಸಿದ. ಇನ್ನೊಂದು ದನ ಬಿಟ್ಟರೆ ಬರುವ ಲಾಭವೆಲ್ಲ ನನಗೆ; ಹುಲ್ಲು ತೀರುವ ನಷ್ಟ ಊರಿಗೆಲ್ಲ ಹಂಚಿಹೋಗುತ್ತದೆ. ಪ್ರತಿಯೊಬ್ಬನೂ ಹೀಗೆಯೇ ಯೋಚಿಸಿದರೆ ಗೋಮಾಳ ಬರಡಾಗುತ್ತದೆ. ವಾದದಲ್ಲಿ ಬಿರುಕಿಲ್ಲ. ಆದರೆ ಹಾರ್ಡಿನ್ನನ ದನಗಾಹಿಗಳು ಒಬ್ಬರೊಡನೊಬ್ಬರು ಮಾತಾಡುವುದೇ ಇಲ್ಲ. ನಿಜವಾದ ಊರುಗಳಲ್ಲಿ ಜನ ಮಾತಾಡುತ್ತಾರೆ, ಜಗಳವಾಡುತ್ತಾರೆ, ಕಟ್ಟಳೆ ಮಾಡಿಕೊಳ್ಳುತ್ತಾರೆ. ಎಲಿನರ್ ಆಸ್ಟ್ರಮ್ ಎಂಬ ವಿದುಷಿ ಇಂಥ ಊರುಗಳನ್ನು ಅಧ್ಯಯನ ಮಾಡಿ 1990ರಲ್ಲಿ ಗ್ರಂಥ ಬರೆದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಪಡೆದ ಮೊದಲ ಮಹಿಳೆಯಾದರು. ಬಳಸುವವರು ಯಾರೆಂಬುದು ಸ್ಪಷ್ಟವಾಗಿದ್ದು, ಕಟ್ಟಳೆಯನ್ನು ಅವರೇ ಮಾಡಿಕೊಂಡು, ಕಾವಲುಗಾರ ಅವರಿಗೇ ಉತ್ತರ ಹೇಳುವಂತಿದ್ದು, ಮೊದಲ ತಪ್ಪಿಗೆ ಸಣ್ಣ ದಂಡ, ಮತ್ತೆ ಮಾಡಿದರೆ ದೊಡ್ಡ ದಂಡ ಎಂದಿದ್ದರೆ ಸಾಮಾನ್ಯ ಸ್ವತ್ತು ಶತಮಾನಗಳವರೆಗೆ ಉಳಿಯಬಲ್ಲದೆಂದು ಅವರು ತೋರಿಸಿದರು. ಸ್ಪೇನಿನ ವಲೆನ್ಸಿಯ ನಗರದಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಇಗರ್ಜಿಯ ಬಾಗಿಲ ಬಳಿ ಎಂಟು ಕಾಲುವೆಗಳ ರೈತರ ಪ್ರತಿನಿಧಿಗಳು ಕುಳಿತು, ಕಾಗದಪತ್ರವಿಲ್ಲದೆ ಬಾಯಿಮಾತಿನಲ್ಲಿಯೇ ನೀರಿನ ವ್ಯಾಜ್ಯ ತೀರಿಸುತ್ತಾರೆ.

ನೆರೆಯ ಶ್ರೀಲಂಕೆಯ ಒಣಪ್ರದೇಶದಲ್ಲಿ ‘ಬೆತ್ಮ’ ಎಂಬ ಪದ್ಧತಿಯಿದೆ. ಕೆರೆ ಪೂರ್ತಿ ತುಂಬದ ವರ್ಷ ಅಚ್ಚುಕಟ್ಟಿನಲ್ಲಿ ತೂಬಿಗೆ ಹತ್ತಿರವಾದ ಭಾಗವನ್ನಷ್ಟೇ ಬಿತ್ತುತ್ತಾರೆ. ಆದರೆ ಆ ಒಂದು ಬೆಳೆಯ ಮಟ್ಟಿಗೆ ಆ ನೆಲವನ್ನು ಕೊನೆಯ ಗದ್ದೆಯ ರೈತರೂ ಸೇರಿದಂತೆ ಎಲ್ಲರಿಗೂ ಹಂಚುತ್ತಾರೆ. ತೂಬಿನ ಪಕ್ಕದವನು ತನ್ನ ಗದ್ದೆಯನ್ನು ಆ ಬೆಳೆಗೆ ಬಿಟ್ಟುಕೊಡುತ್ತಾನೆ. ಇಲ್ಲಿಯೂ ನೀರಿನ ಬರ, ಕಲ್ಲನಕೇರಿಯಲ್ಲಿಯೂ ನೀರಿನ ಬರ. ಅಲ್ಲಿ ಎಲ್ಲರ ಕಷ್ಟವನ್ನು ಒಬ್ಬಳ ಮೇಲೆ ಹೊರಿಸಿದರು; ಇಲ್ಲಿ ಹೆಚ್ಚಿಗೆ ಇದ್ದವನಿಂದ ಆರಂಭಿಸಿ ಎಲ್ಲರೂ ಹೊರುತ್ತಾರೆ. ಸಮಷ್ಟಿಹಿತವೂ ತ್ಯಾಗವನ್ನು ಕೇಳುತ್ತದೆ. ಆದರೆ ಮೊದಲು ಕೇಳುವುದು ತೂಬಿನ ಪಕ್ಕದವನನ್ನು.

ನಮ್ಮ ಸಂವಿಧಾನದಲ್ಲಿ ಈ ಮಾತು ಸ್ಪಷ್ಟವಾಗಿಯೇ ಇದೆ. ಸಮುದಾಯದ ಭೌತಿಕ ಸಂಪನ್ಮೂಲಗಳ ಒಡೆತನ ಮತ್ತು ಹತೋಟಿ ಸಮಷ್ಟಿಹಿತ ಸಾಧನೆಯಾಗುವಂತೆ ಹಂಚಿಕೆಯಾಗಬೇಕೆಂದು 39ನೆಯ ಅನುಚ್ಛೇದದ ಎರಡನೆಯ ಖಂಡ ರಾಜ್ಯಕ್ಕೆ ನಿರ್ದೇಶಿಸುತ್ತದೆ. 2011ರಲ್ಲಿ ಪಂಜಾಬಿನ ಒಂದು ಹಳ್ಳಿಯ ಕೆರೆಯಂಗಳದ ಒತ್ತುವರಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಹಳ್ಳಿಗಳ ಸಾಮಾನ್ಯ ಭೂಮಿಯ ಒತ್ತುವರಿಗಳನ್ನು ತೆರವು ಮಾಡಲು ಯೋಜನೆ ರೂಪಿಸಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶ ಕೊಟ್ಟಿತು. 2024ರ ನವೆಂಬರಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ, ಖಾಸಗಿ ಸ್ವತ್ತೆಲ್ಲವೂ ಸಮುದಾಯದ ಸಂಪನ್ಮೂಲವಾಗುವುದಿಲ್ಲವೆಂದು ಹೇಳಿತು. ಈ ಎರಡು ತೀರ್ಪುಗಳೂ ಪರಸ್ಪರ ವಿರುದ್ಧವೆಂದು ನನಗೆ ತೋರುವುದಿಲ್ಲ. ನನ್ನದು ಎಂಬುದಕ್ಕೂ ಒಂದು ಎಲ್ಲೆಯಿದೆ, ನಮ್ಮದು ಎಂಬುದಕ್ಕೂ ಒಂದು ಎಲ್ಲೆಯಿದೆ. ಎರಡರಲ್ಲಿ ಯಾವುದನ್ನು ಒತ್ತುವರಿ ಮಾಡಿದರೂ ತಪ್ಪೇ.

ಆದರೆ ಕಾನೂನು ಕಡೆಯ ಕಾವಲು ಮಾತ್ರ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಇದ್ದಲ್ಲಿ ಬಸ್ ನಿಲ್ದಾಣ ಬಂತು, ಸಂಪಂಗಿ ಕೆರೆಯಂಗಳದಲ್ಲಿ ಕ್ರೀಡಾಂಗಣ ಎದ್ದಿತು. ಬಸ್ಸೂ ಬೇಕು, ಆಟವೂ ಬೇಕು. ಒಂದೊಂದು ಸಲವೂ ಸಾರ್ವಜನಿಕರ ಹಿತವೇ ಕಾರಣವಾಗಿದ್ದೀತು. ಹೀಗೆ ಕೆರೆಯಿಂದ ಕೆರೆಗೆ ನೀರು ಹರಿಯುವ ರಾಜಕಾಲುವೆಗಳೂ ಊರಿನುದ್ದಕ್ಕೂ ಕಿರಿದಾಗುತ್ತ ಬಂದವು. 2022ರ ಸೆಪ್ಟೆಂಬರಿನ ಮಳೆಗೆ ಪೂರ್ವ ಬೆಂಗಳೂರಿನ ಕೋಟಿ ಬೆಲೆಯ ಮನೆಗಳಿಗೂ ನೀರು ನುಗ್ಗಿತು; ಜನ ಟ್ರ್ಯಾಕ್ಟರುಗಳಲ್ಲಿ ಹೊರಗೆ ಬಂದರು. ತಗ್ಗಿನ ಗುಡಿಸಲುಗಳವರಿಗೆ ಟ್ರ್ಯಾಕ್ಟರಿನ ಆಚೆ ಹೋಗಿ ಇಳಿಯಲು ಬೇರೊಂದು ಮನೆಯಿರಲಿಲ್ಲ. ಏರಿ ಬಿರಿದರೆ ಎಲ್ಲರಿಗೂ ನಷ್ಟವೆಂಬುದು ನಿಜ. ಎಲ್ಲರಿಗೂ ಒಂದೇ ಸಮನಾದ ನಷ್ಟವಲ್ಲ ಎಂಬುದೂ ಅಷ್ಟೇ ನಿಜ.

ನಾನಾ ಮತ, ನಾನಾ ಭಾಷೆ, ನಾನಾ ನಂಬಿಕೆಗಳ ಜನ ಸೇರಿದ ದೇಶದಲ್ಲಿ ಹಿತವೆಂದರೆ ಯಾವುದೆಂದು ನಿರ್ಣಯಿಸುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಒಂದು ಗುಂಪು ತನ್ನ ಆದರ್ಶವನ್ನೇ ಎಲ್ಲರ ಹಿತವೆಂದು ಹೇರಬಹುದಲ್ಲವೇ? ಹೇರಬಹುದು; ಚರಿತ್ರೆಯಲ್ಲಿ ಹೇರಿದ್ದಾರೆ. ಆದ್ದರಿಂದಲೇ ಸಮಷ್ಟಿಹಿತವನ್ನು ಬಾಳಿನ ಗುರಿಯೆಂದು ತಿಳಿಯದೆ ನೆಲಗಟ್ಟೆಂದು ತಿಳಿಯಬೇಕೆಂದು ಆಗಲೇ ಹೇಳಿದೆ. ಕೆರೆಯ ನೀರಿನಲ್ಲಿ ಯಾರು ಯಾವ ಬೆಳೆ ಬೆಳೆಯಬೇಕೆಂದು ಕೆರೆ ವಿಧಿಸುವುದಿಲ್ಲ. ಏರಿ ಗಟ್ಟಿಯಾಗಿರಬೇಕೆಂಬುದರಲ್ಲಿ ಭತ್ತದವನಿಗೂ ಕಬ್ಬಿನವನಿಗೂ ಭಿನ್ನಾಭಿಪ್ರಾಯವಿರುವುದಿಲ್ಲ. ಹಕ್ಕು, ಕರ್ತವ್ಯ, ಫಲ, ಶೀಲ ಈ ಉಳಿದ ದೃಷ್ಟಿಗಳೂ ಇಲ್ಲಿ ಬೇಕು. ಮುಖ್ಯವಾಗಿ ಹಕ್ಕಿನ ದೃಷ್ಟಿ ಇಲ್ಲದಿದ್ದರೆ ಭಾಗೀರಥಿಯರನ್ನು ಕಾಪಾಡುವವರಿಲ್ಲ.

ಆದಕಾರಣ ಮುಂದೆ ಎಂದಾದರೂ ‘ಸಾರ್ವಜನಿಕರ ಹಿತದೃಷ್ಟಿಯಿಂದ’ ಎಂಬ ಮಾತು ನಮ್ಮ ಕಿವಿಗೆ ಬಿದ್ದರೆ, ಒಪ್ಪುವ ಮೊದಲು, ವಿರೋಧಿಸುವ ಮೊದಲು, ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಈ ‘ಸಾರ್ವಜನಿಕ’ರಲ್ಲಿ ಯಾರು ಸೇರಿಲ್ಲ? ಇದರ ಭಾರ ಹೊರುವವರನ್ನು ಯಾರಾದರೂ ಕೇಳಿದ್ದಾರೆಯೇ? ತೂಬಿನ ಪಕ್ಕದವರು ಏನನ್ನು ಬಿಟ್ಟುಕೊಟ್ಟಿದ್ದಾರೆ? ಮುಂದೆ ಹುಟ್ಟುವವರ ಪಾಲಿಗೆ ಏರಿ ಉಳಿಯುತ್ತದೆಯೇ? ಈ ಪ್ರಶ್ನೆಗಳನ್ನು ಸರ್ಕಾರಕ್ಕೆ ಕೇಳುವುದು ಸುಲಭ. ನಮ್ಮ ಮನೆಯ ಕೊಳವೆಬಾವಿ ಕೊರೆಸುವಾಗ, ಕಸವನ್ನು ಮೋರಿಗೆ ಎಸೆಯುವಾಗ, ತೆರಿಗೆಯ ಕಾಗದ ತುಂಬುವಾಗ ನಮಗೆ ನಾವೇ ಕೇಳಿಕೊಳ್ಳುವುದು ಕಷ್ಟ. ಅಲ್ಲಿ ನಮ್ಮಲ್ಲಿ ಬಹುಮಂದಿ ಯಾವುದಾದರೊಂದು ತೂಬಿನ ಪಕ್ಕದವರೇ ಆಗಿರುತ್ತೇವೆ.